ಮೊದಲು ಒಳಗೆ ನೂಕು

ಇದನ್ನು ಮಾಡಿದವನು ಯಾರೋ, ಎಲ್ಲಿದ್ದಾನೋ,
ಅವನ ಮೇಜು ಗೋಡೆಗೆ ಒತ್ತಿಕೊಂಡಿರಲಿಲ್ಲ.
ಅವನ ಬೆರಳು ಊದಿನಕಡ್ಡಿಯಷ್ಟು ಸಣ್ಣ.
ಅವನು ಒಂದೇ ಒಂದು ಸಲವೂ
ರಿಪ್ಪನ್‌ಪೇಟೆ ನಾಡಕಚೇರಿಯ ಕಂಪ್ಯೂಟರಿನ ಹಿಂದೆ
ಬಾಯಲ್ಲಿ ಟಾರ್ಚು ಕಚ್ಚಿಕೊಂಡು
ಮಂಡಿ ಊರಿದವನಲ್ಲ.

ನಾನು ಊರಿದ್ದೇನೆ. ಹದಿನಾರು ವರ್ಷದಿಂದ.
ಬೈಕು ಆಯನೂರು ದಾಟುವಾಗಲೇ ಫೋನು:
"ಜಯಶೀಲಣ್ಣಾ, ನೆಟ್ಟಿಲ್ಲ, ಜನ ಬೈತಿದಾರೆ."
ನೆಟ್ಟು ಎಲ್ಲೂ ಹೋಗಿರುವುದಿಲ್ಲ, ತಾಯಿ.
ಕಾಡು ದಾಟಿ, ಹಳ್ಳ ದಾಟಿ,
ನೆಲದಡಿಯ ಗಾಜಿನೆಳೆಯಲ್ಲಿ ಅಷ್ಟು ದೂರ ಬಂದದ್ದು
ಕೊನೆಯ ಕಾಲಿಂಚಿನಲ್ಲಿ ನಿಂತುಬಿಟ್ಟಿರುತ್ತದೆ,
ನಾಲಿಗೆ ಮುರಿದ ಒಂದು ಪ್ಲಾಸ್ಟಿಕ್ ತುದಿಯಲ್ಲಿ.

ಆ ನಾಲಿಗೆ! ಉಗುರಿನ ಕಾಲು ಭಾಗ.
ಅದಿದ್ದರೆ ಊರಿಗೆ ಪಹಣಿ ಉಂಟು, ಜಾತಿ ಉಂಟು, ಆದಾಯ ಉಂಟು.
ಅದು ಮುರಿದರೆ ಊರಿಗೆ ಊರೇ ಬೆಂಚಿನ ಮೇಲೆ.
ಹೋದ ಸಲ ಬಂದಾಗ ಸುಗಂಧಿನಿ ಮೇಡಮ್ಮು
ಸಾಗರದ ಬಸ್ಸಿನ ಟಿಕೀಟು ಮಡಚಿ ಬೆಣೆ ಕೊಟ್ಟಿದ್ದರು,
ಅದರ ಮೇಲೊಂದು ಬೆಂಕಿಕಡ್ಡಿ,
ಅದರ ಮೇಲೆ ಹಣೆಯ ಸ್ಟಿಕ್ಕರು.
ಗಾಳಿಗೆ ಅಲುಗೀತೆಂದು ಏಪ್ರಿಲ್ಲಿನಲ್ಲೂ
ಫ್ಯಾನು ಹಾಕುತ್ತಿರಲಿಲ್ಲವಂತೆ.

ಆಗ ನಾನೇ ಟೋಪಿಯಿದ್ದದ್ದು ತಂದು ಹಾಕಿದ್ದೆ,
ನಾಲಿಗೆ ಕಾಯಲು ರಬ್ಬರಿನ ಟೋಪಿ.
ಈಗ ತಂತಿಯನ್ನು ಇಲಿ ಕಡಿದಿದೆ, ಬದಲಿಸಬೇಕು,
ಟೋಪಿ ಕಲ್ಲಾಗಿ ಕೂತಿದೆ.
ಒತ್ತಲು ಬಿಡದು. ಒತ್ತದೆ ಬಾರದು.
ಕಾವಲಿಗೆ ಇಟ್ಟವನೇ ಬೀಗ ಹಾಕಿಕೊಂಡಂತೆ.

(ಯುಎಸ್‌ಬಿಯದು ಇನ್ನೊಂದು ಕತೆ. ಇರುವುದು ಎರಡೇ ಮಗ್ಗುಲು,
ಸರಿಹೋಗುವುದು ಮೂರನೆಯದರಲ್ಲಿ.
ಲೆಕ್ಕದ ಮೇಷ್ಟ್ರನ್ನೇ ಕೇಳಿದೆ, ನಕ್ಕರು,
ಅವರ ಮನೆಯಲ್ಲೂ ಹಾಗೇ ಅಂತೆ.
ಅವರ ಶಾಲೆಯ ಪ್ರೊಜೆಕ್ಟರಿನ ನೀಲಿ ಕೊಂಡಿಗೆ ಹದಿನೈದು ಕಾಲು,
ಒಂದು ಸೊಟ್ಟಗಾಗಿ
ಪರದೆಯಲ್ಲಿ ಕಂಡವರಿಗೆಲ್ಲ ಕಾಮಾಲೆ.)

ಎಳೆದೆ. ಬೈದೆ. ಮತ್ತೆ ಎಳೆದೆ.
ಬೆಂಚಿನ ಕಡೆಯಿಂದ ಮೊದಲು ವಾಸನೆ ಬಂತು,
ಆಮೇಲೆ ದನಿ. ಮೀನು ಮಾರುವ ಜುಲೇಖಾಬಿ,
ವಿಧವಾ ವೇತನದ ಹೆಬ್ಬೆಟ್ಟಿಗೆ ನಾಲ್ಕನೆಯ ಸಲ ಬಂದವಳು.
"ಎಳೀಬೇಡ. ಗಾಳ ಅದು.
ಎಳೆದಷ್ಟೂ ಕಚ್ಚತ್ತೆ. ಮೊದಲು ಒಳಗೆ ನೂಕು.
ಮುಳ್ಳು ಸಡಿಲ ಆಗತ್ತೆ ನೋಡು, ಆಗ ಅದುಮಿ ತೆಗಿ."
ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ಕೊಟ್ಟಳು.

ಹದಿನಾರು ವರ್ಷ. ಫ್ರೇಮು ಹಾಕಿಸಿದ ಎರಡು ಸರ್ಟಿಫಿಕೇಟು.
ಒಳಗೆ ನೂಕಿದೆ.
ಟೋಪಿಯ ಸಂದಿಗೆ ಪಿನ್ನು ತೂರಿಸಿ ಅದುಮಿದೆ.
ಟಿಕ್.
ಅಲುಗುವ ಹಾಲುಹಲ್ಲಿನ ಹಾಗೆ ಕೈಗೇ ಬಂತು.

ಹೊಸ ತಂತಿಯ ಸಿಪ್ಪೆ ಸುಲಿದು ಮಗ್ಗಿ ಹೇಳಿಕೊಂಡೆ:
ಕಿತ್ತಳೆಬಿಳಿ ಕಿತ್ತಳೆ ಹಸಿರುಬಿಳಿ ನೀಲಿ
ನೀಲಿಬಿಳಿ ಹಸಿರು ಕಂದುಬಿಳಿ ಕಂದು.
ದೀಪ ಮಿಣುಕಿತು. ಬೆಂಚು ಎದ್ದು ನಿಂತಿತು.

ಜುಲೇಖಾಬಿಯ ಹೆಬ್ಬೆಟ್ಟು ಮಾತ್ರ ಯಂತ್ರಕ್ಕೆ ಹಿಡಿಸಲಿಲ್ಲ.
ಹುರುಪೆ ಹೆರೆದು ಹೆರೆದು ಗೆರೆಯೇ ಇಲ್ಲ.
ಬಲಗೈ ಐದೂ ಆಯಿತು. ಮತ್ತೆ ಪ್ರಯತ್ನಿಸಿ. ಮತ್ತೆ ಪ್ರಯತ್ನಿಸಿ.
ಅಂಗಿಯ ಚುಂಗಿನಿಂದ ಗಾಜು ಒರೆಸಿಕೊಟ್ಟೆ,
ಆ ಗಾಜನ್ನು ನಾನೇ ಮಾಡಿದ್ದೇನೋ ಅನ್ನುವಂತೆ
ತಲೆ ತಗ್ಗಿಸಿಕೊಂಡು.
ಕೊನೆಗೆ ಎಡಗೈಯ ಕಿರುಬೆರಳು.
ಮೀನು ಹಿಡಿಯುವಾಗ ಅವಳು ಎತ್ತಿಕೊಳ್ಳುವ ಬೆರಳಂತೆ,
ಅದೊಂದರಲ್ಲಿ ಗೆರೆ ಉಳಿದಿತ್ತು.
ಹಸಿರು ಬಂತು.

ಪಿನ್ನು ವಾಪಸು ಕೊಡಲು ಮರೆತೆ.
ಅರಸಾಳಿನ ಹತ್ತಿರ ನೆನಪಾಯಿತು, ತಿರುಗಲಿಲ್ಲ.
ಮಾರನೆಯ ದಿನ ಶಿವಮೊಗ್ಗದ ಬ್ಯಾಂಕೊಂದರಲ್ಲಿ
ಅದೇ ಟೋಪಿ, ಅದೇ ಗೋಡೆ, ಅದೇ ಟಾರ್ಚು.
ಚೀಲದಿಂದ ಪಿನ್ನು ತೆಗೆದೆ, ಒಳಗೆ ನೂಕಿದೆ.
ಮ್ಯಾನೇಜರು ಮೂಗು ಮುಚ್ಚಿಕೊಂಡರು:
"ಏನ್ರೀ ಇದು, ಮೀನಿನ ವಾಸನೆ?"
ಸರ್ವರಿನದು ಸಾರ್, ಅಂದೆ.